ಗಂಟು ಹಾಕಿದ ದಾರ

ನಾವು ತೊಡೋ ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಗಿರುವ ತಾಮ್ರದ ಮೊಳೆ ಶೋಕಿಗೆ ಹುಟ್ಟಿದ್ದಲ್ಲ. 1871ರ ಸುಮಾರಿಗೆ ಅಮೆರಿಕದ ರೀನೋ ಊರಲ್ಲಿ ಜೇಕಬ್ ಡೇವಿಸ್ ಎಂಬ ದರ್ಜಿಯ ಹತ್ತಿರ ಒಬ್ಬ ಹೆಂಗಸು ಬಂದಳು. ಗಂಡ ಸೌದೆ ಕಡಿಯೋನು, ದೊಡ್ಡ ಮೈ. ಅಂಗಡಿಯ ಸಿದ್ಧ ಉಡುಪು ಅವನಿಗೆ ಹಿಡಿಸದು. ಕಾಯಿಲೆ ಬೇರೆ, ಅಳತೆ ಕೊಡೋಕೆ ಬರುವಂತಿಲ್ಲ. ದಾರಕ್ಕೆ ಗಂಟು ಹಾಕಿ ಅವನ ಸೊಂಟ, ಕಾಲಿನ ಅಳತೆ ತಂದಳು. ಬೇಗ ಹರೀಬಾರದು ಅಂದಳು. ಲೆವಿ ಸ್ಟ್ರಾಸ್ ಅಂಗಡಿಯಿಂದ ತರಿಸಿದ್ದ ದಪ್ಪ ಬಟ್ಟೆಯಲ್ಲಿ ಹೊಲಿದ ಡೇವಿಸ್, ಕುದುರೆ ಹೊದಿಕೆಗೆಂದು ಇಟ್ಟಿದ್ದ ಮೊಳೆಗಳನ್ನೇ ಜೇಬಿಗೆ ಬಡಿದ. ಬೆಲೆ 3 ಡಾಲರ್.

ಪೇಟೆಂಟಿಗೆ ಬೇಕಾದದ್ದು 68 ಡಾಲರ್! 1872ರಲ್ಲಿ ಬಟ್ಟೆಯ ವ್ಯಾಪಾರಿಗೇ ಕಾಗದ ಬರೆದ. 1873ರ ಮೇ 20ರಂದು ಹಕ್ಕು ಇಬ್ಬರಿಗೂ ದಕ್ಕಿತು. ಪ್ಯಾಂಟಿನ ಮೇಲೆ ಮೆರೆದದ್ದು ಮಾತ್ರ ವ್ಯಾಪಾರಿಯ ಹೆಸರು, ನಮಗಿದು ಹೊಸದೇನಲ್ಲ. ದರ್ಜಿ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಅದೇ ವ್ಯಾಪಾರಿಯ ಹೊಲಿಗೆ ಕೆಲಸಕ್ಕೆ ಮೇಸ್ತ್ರಿಯಾದ.