ಪರಊರಿನಲ್ಲಿ ಜಾಮೀನು: ಅಂದು, ಇಂದು
ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನಮ್ಮವರೊಬ್ಬರು ಬಂಧನಕ್ಕೊಳಗಾದರೆ ಜಾಮೀನುದಾರರನ್ನು ಎಲ್ಲಿಂದ ತರೋಣ?

1978ರಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ದೂರದೂರಿನಲ್ಲಿ ಸಿಕ್ಕಿಬಿದ್ದ ಕನ್ನಡಿಗನ ಉದಾಹರಣೆ ಕೊಟ್ಟೇ ಹೀಗೆ ಕೇಳಿದ್ದರು. ಮಧ್ಯಪ್ರದೇಶದ ಗಾರೆ ಕೆಲಸಗಾರ ಮೋತಿರಾಮನಿಗೆ ಕೆಳ ನ್ಯಾಯಾಲಯ 10,000 ರೂಪಾಯಿ ಜಾಮೀನು ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯದೆಂದು ತಳ್ಳಿಹಾಕಿತ್ತು. ಸುಪ್ರೀಂ ಕೋರ್ಟ್ 1,000 ರೂಪಾಯಿಯ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿತು.

2006ರಿಂದ ಹಳೆಯ ಸಂಹಿತೆಯಲ್ಲಿ, ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದ ವಿಚಾರಣಾಧೀನ ಕೈದಿಗೆ ಬಿಡುಗಡೆಯ ದಾರಿಯಿತ್ತು. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮೊದಲ ಬಾರಿಯ ಆರೋಪಿಗೆ ಮೂರನೇ ಒಂದು ಭಾಗ ಸಾಕು. ಅರ್ಜಿಯನ್ನು ಜೈಲು ಸೂಪರಿಂಟೆಂಡೆಂಟರೇ ಹಾಕಬೇಕು. ಆದರೆ ಹಳೆಯದು ಮರಣದಂಡನೆಯ ಆರೋಪಗಳನ್ನಷ್ಟೇ ಹೊರಗಿಟ್ಟಿತ್ತು. ಹೊಸದು ಜೀವಾವಧಿ ಶಿಕ್ಷೆಯವನ್ನೂ ಹೊರಗಿಟ್ಟಿದೆ.

ಬಂಧುಗಳಿಲ್ಲದ ಊರಿನಲ್ಲಿ ಆ ದಿನಗಳನ್ನು ಎಣಿಸುವವರು ನಾವೇ ಅಲ್ಲವೇ?