ಡ್ರಮ್ಮರ್ ಬರೆದ ಹಾಡು

ಆರ್.ಇ.ಎಂ. ತಂಡದ 'ಎವೆರಿಬಡಿ ಹರ್ಟ್ಸ್' ಅಂದಕೂಡಲೇ ಎಲ್ಲರಿಗೂ ನೆನಪಾಗೋದು ಮೈಕಲ್ ಸ್ಟೈಪ್‌ನ ದನಿ. ಆದರೆ ಆ ಹಾಡಿನ ಬಹುಪಾಲು ಕಟ್ಟಿದ್ದು ಹಿಂದೆ ಕೂತು ಡ್ರಮ್ ಬಾರಿಸುತ್ತಿದ್ದ ಬಿಲ್ ಬೆರ್ರಿ. ತಮಾಷೆ ಏನಂದ್ರೆ, ಅದರಲ್ಲಿ ಹೆಚ್ಚಾಗಿ ತಾಳ ಹಾಕೋದು ಅವನಲ್ಲ, ಒಂದು ಡ್ರಮ್ ಮಶೀನು! ಪಿಟೀಲುಗಳ ಭಾಗ ಬರೆದುಕೊಟ್ಟಿದ್ದು ಲೆಡ್ ಜೆಪ್ಲಿನ್‌ನ ಜಾನ್ ಪಾಲ್ ಜೋನ್ಸ್. ಬದುಕು ಸಾಕು ಅನ್ನಿಸಿದ ಹದಿಹರೆಯದವರಿಗೂ ಥಟ್ಟಂತ ಅರ್ಥವಾಗಲಿ ಅಂತ ಮಾತುಗಳನ್ನು ಬೇಕಂತಲೇ ಸರಳವಾಗಿಟ್ಟರು.

ಆಲ್ಬಮ್ಮಿನಲ್ಲಿ ಮಾತ್ರ ಹಾಡು ಬರೆದವರು ಅಂತ ಇರೋದು ನಾಲ್ಕು ಹೆಸರು: ಬೆರ್ರಿ, ಬಕ್, ಮಿಲ್ಸ್, ಸ್ಟೈಪ್. ಇಂಗ್ಲಿಷ್ ಅಕ್ಷರಮಾಲೆಯ ಕ್ರಮ. ಯಾರು ಬರೆದರೂ ಹೆಸರು ನಾಲ್ವರದ್ದೂ, ದುಡ್ಡೂ ಸಮಪಾಲು. ಅಪ್ರೈಸಲ್ ಬಂತು ಅಂದ್ರೆ ಯಾವ ಕೋಡ್ ಯಾರದ್ದು ಅಂತ ಲೈನ್ ಲೈನ್ ಹುಡುಕೋ ನಮ್ಮಂಥವರಿಗೆ ಇದು ನಂಬೋಕಾಗದ ಸಂಗತಿ.

1980ರಲ್ಲಿ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನೋ ಯೂನಿವರ್ಸಿಟಿ ಊರಲ್ಲಿ ಶುರುವಾದ ತಂಡ ಇದು. ಕಾಲೇಜು ರೇಡಿಯೋಗಳೇ ಇವರನ್ನು ಬೆಳೆಸಿದ್ದು. 1987ರ 'ದಿ ಒನ್ ಐ ಲವ್' ಮೊದಲ ಸಲ ಅಮೆರಿಕದ ಟಾಪ್ ಹತ್ತರೊಳಗೆ ಬಂತು. ಜನ ಅದನ್ನು ಪ್ರೇಮಗೀತೆ ಅಂತ ಒಬ್ಬರಿಗೊಬ್ಬರು ಅರ್ಪಿಸಿಕೊಂಡರು, ಅದಿರೋದು ಒಬ್ಬರನ್ನು ಬಳಸಿ ಬಿಸಾಡೋದರ ಬಗ್ಗೆ. 1991ರ 'ಲೂಸಿಂಗ್ ಮೈ ರಿಲಿಜನ್' ಕಥೆಯೂ ಹಾಗೇ. ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ತಾಳ್ಮೆ ಕೈಮೀರಿತು ಅನ್ನೋಕೆ ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಹಾಗಂತಾರೆ. ಪೀಟರ್ ಬಕ್ ಆಗಿನ್ನೂ ಮ್ಯಾಂಡೊಲಿನ್ ಕಲೀತಿದ್ದ. ಟಿವಿ ನೋಡ್ತಾ ಸುಮ್ಮನೆ ಮೀಟಿ ರೆಕಾರ್ಡ್ ಮಾಡಿಕೊಂಡಿದ್ದರಲ್ಲಿ ಈ ಟ್ಯೂನ್ ಸಿಕ್ಕಿತು. ಮತ್ತೆ ಮತ್ತೆ ಹಾಡಿಕೊಳ್ಳೋಕೆ ಸರಿಯಾದ ಪಲ್ಲವಿಯೂ ಇಲ್ಲದ ಹಾಡು ಅಮೆರಿಕದಲ್ಲಿ 4ನೇ ಸ್ಥಾನಕ್ಕೇರಿತು. ಅದರ ವಿಡಿಯೋ ಮಾಡಿದ್ದು ಜಲಂಧರ್‌ನಲ್ಲಿ ಹುಟ್ಟಿದ ತರ್ಸೇಮ್ ಸಿಂಗ್.

1995ರ ಮಾರ್ಚ್ 1, ಸ್ವಿಟ್ಜರ್‌ಲೆಂಡಿನ ಲೊಸಾನ್. ಕಾರ್ಯಕ್ರಮದ ನಡುವೆಯೇ ಬೆರ್ರಿಗೆ ಮಿದುಳಿನ ರಕ್ತನಾಳದ ತೊಂದರೆಯಾಗಿ ಕುಸಿದ. ಅಲ್ಲೇ ಆಪರೇಷನ್ ಆಯ್ತು. ಎರಡೂವರೆ ತಿಂಗಳಲ್ಲಿ ಮತ್ತೆ ಡ್ರಮ್ ಮುಂದೆ ಕೂತ. ಆದರೆ ಮನಸ್ಸು ಮೊದಲಿನಂತಿರಲಿಲ್ಲ ಅನ್ಸುತ್ತೆ. 1997ರಲ್ಲಿ ಬಿಡ್ತೀನಿ ಅಂದಾಗ ಒಂದು ಷರತ್ತು ಹಾಕಿದ: ನಾನು ಹೋದರೆ ತಂಡ ಒಡೆಯೋದಾದ್ರೆ ಹೋಗಲ್ಲ, ನೀವು ಮುಂದುವರಿಸ್ತೀರಿ ಅಂದ್ರೆ ಮಾತ್ರ ಹೋಗ್ತೀನಿ. ಗೆಳೆಯರು ಒಪ್ಪಿದರು. ಅವನು ಅಥೆನ್ಸ್ ಹತ್ತಿರದ ತನ್ನ ಜಮೀನಿಗೆ ಹೋಗಿ ದನದ ಹುಲ್ಲು ಬೆಳೆದ. ಬಿಸಿಲಲ್ಲಿ ಬಣವೆ ಒಟ್ಟಿ ಬೆನ್ನು ಮುರಿದುಕೊಂಡಿರೋ ನನಗೆ, ಇದನ್ನು ಮೊದಲು ಓದಿದಾಗ ನಗು ಬಂದಿತ್ತು.

ಉಳಿದ ಮೂವರು ಮಾತು ಉಳಿಸಿಕೊಂಡರು, 2011ರವರೆಗೆ. ಬೆರ್ರಿ ಹೋದಮೇಲೆ ಬಂದ ಮೊದಲ ಆಲ್ಬಮ್ 1998ರ 'ಅಪ್'. ಅದರ ಮೊದಲ ಹಾಡು ಹಾಕಿದರೆ ಕೇಳಿಸೋದು ಡ್ರಮ್ ಮಶೀನು.