ವಿಷವಾಣಿಜ್ಯ ಮತ್ತು ಔಷಧದಾನ: ಮಾಳವದ ಅಫೀಮಿನ ಇತಿಹಾಸ

ಪಂಡಿತ ಆಶಾಧರರು 13ನೆಯ ಶತಮಾನದಲ್ಲಿ ಮಾಳವದ ಧಾರಾನಗರಿಗೆ ಸಮೀಪದ ನಲಕಚ್ಛಪುರದಲ್ಲಿ ನೆಲೆಸಿ ಗ್ರಂಥರಚನೆ ಮಾಡಿದವರು. ಶ್ರಾವಕಾಚಾರವನ್ನು ನಿರೂಪಿಸುವ ‘ಸಾಗಾರಧರ್ಮಾಮೃತ’ದಲ್ಲಿ ಅವರು ಗೃಹಸ್ಥನು ಬಿಡಬೇಕಾದ ಹದಿನೈದು ಖರಕರ್ಮಗಳನ್ನು ಎತ್ತಿಕೊಳ್ಳುತ್ತಾರೆ. ಶ್ವೇತಾಂಬರ ಪರಂಪರೆಯಲ್ಲಿ ಇವೇ ಕರ್ಮಾದಾನಗಳು. ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ದಲ್ಲಿಯೂ ಇವುಗಳ ವಿವರಣೆಯಿದೆ. ದಂತವಾಣಿಜ್ಯ, ಲಾಕ್ಷಾವಾಣಿಜ್ಯ, ರಸವಾಣಿಜ್ಯಗಳ ಸಾಲಿನಲ್ಲಿ ವಿಷವಾಣಿಜ್ಯವೂ ಒಂದು. ಇಂಥ ಕ್ರೂರ ವೃತ್ತಿಗಳನ್ನು ಸಂಖ್ಯೆಯಲ್ಲಿ ಹಿಡಿದಿಡಲಾಗದು, ಅವು ಅಸಂಖ್ಯ ಎಂಬುದು ಆಶಾಧರರ ಅಭಿಪ್ರಾಯ. ಅವರ ಕಾಲಕ್ಕೆ ಆರು ಶತಮಾನಗಳ ತರುವಾಯ ಅದೇ ಮಾಳವದ ಕಪ್ಪು ನೆಲದಲ್ಲಿ ಬೆಳೆದ ಗಸಗಸೆ ಗಿಡದ ಹಾಲು ಚೀನಾದೇಶದವರೆಗೆ ಹರಿಯಿತು. ಅದನ್ನು ಹರಿಸಿದ ಸಾಹುಕಾರರಲ್ಲಿ ಜೈನ ಶ್ರೇಷ್ಠಿಗಳೂ ಇದ್ದರು.

ಸಂಸ್ಕೃತದ ವೈದ್ಯಗ್ರಂಥಗಳು ಅಫೀಮನ್ನು ‘ಅಹಿಫೇನ’ ಎಂದು ಕರೆಯುತ್ತವೆ; ಹಾವಿನ ನೊರೆ ಎಂಬುದು ಆ ಪದದ ಅರ್ಥ. ವಿಷದ ಭಾವನೆಯನ್ನು ಹೆಸರಿನಲ್ಲಿಯೇ ಹೊತ್ತ ಈ ವಸ್ತು ಅದೇ ವೈದ್ಯಗ್ರಂಥಗಳಲ್ಲಿ ಔಷಧವಾಗಿಯೂ ಬಂದಿದೆ. ಈ ಎರಡು ಮುಖಗಳ ನಡುವಣ ಗೆರೆಯನ್ನು ಎಳೆಯುವ ಅಧಿಕಾರ 20ನೆಯ ಶತಮಾನದಲ್ಲಿ ಅಂತರರಾಷ್ಟ್ರೀಯ ಒಪ್ಪಂದಗಳ ಕೈಗೆ ಬಂದಿತು. ಆ ಗೆರೆ ಸರಿದಾಗಲೆಲ್ಲ ದೇವಾಲಯ, ತೆರಿಗೆ, ಹೊಲ, ಗಿರಣಿ, ಆಸ್ಪತ್ರೆಗಳೆಲ್ಲವೂ ಸ್ಥಾನಪಲ್ಲಟಗೊಂಡವು ಎಂಬುದಕ್ಕೆ ಮಾಳವದ ಇತಿಹಾಸವೇ ಸಾಕ್ಷಿ.

ಬಂಗಾಳ ಮತ್ತು ಬಿಹಾರಗಳ ಅಫೀಮು ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯವಾಗಿತ್ತು. ಮಾಳವದ ಅಫೀಮು ಹಾಗಲ್ಲ. ಹೋಳ್ಕರ್, ಸಿಂಧಿಯಾ ಮೊದಲಾದ ಸಂಸ್ಥಾನಗಳಲ್ಲಿ ರೈತರು ಬೆಳೆದದ್ದನ್ನು ಉಜ್ಜಯಿನಿ, ಇಂದೂರು, ರತ್ಲಾಮ್, ಮಂದಸೌರ್‌ಗಳ ಸಾಹುಕಾರರು ಮುಂಗಡ ಕೊಟ್ಟು ಕೊಳ್ಳುತ್ತಿದ್ದರು. ಇದನ್ನು ತನ್ನ ಹಿಡಿತಕ್ಕೆ ತಂದುಕೊಳ್ಳಲು ಕಂಪನಿ ಮಾಡಿದ ಯತ್ನಗಳು ವಿಫಲವಾದವು. ಸರಕು ಕರಾಚಿ ಮತ್ತು ಪೋರ್ಚುಗೀಸರ ದಮನ್ ಮಾರ್ಗವಾಗಿ ಸಾಗಿಹೋಗುತ್ತಿತ್ತು. ಕೊನೆಗೆ 1830ರ ದಶಕದ ಆರಂಭದಲ್ಲಿ ಕಂಪನಿಯು ಪೆಟ್ಟಿಗೆಗೆ ಇಂತಿಷ್ಟೆಂದು ಸುಂಕ ಪಡೆದು ಮುಂಬಯಿಗೆ ಸಾಗಿಸಲು ರಹದಾರಿ ನೀಡುವ ಪದ್ಧತಿಗೆ ಒಪ್ಪಿತು. 1843ರಲ್ಲಿ ಸಿಂಧ್ ಬ್ರಿಟಿಷರ ವಶವಾಗಿ ಕರಾಚಿಯ ದಾರಿ ಮುಚ್ಚಿದೊಡನೆ ಆ ಸುಂಕ ಏರತೊಡಗಿತು. ಕಂಪನಿಯ ಏಕಸ್ವಾಮ್ಯವನ್ನು ಭೇದಿಸಿದ ಈ ಕಳ್ಳಸಾಗಣೆಯೇ ಪಶ್ಚಿಮ ಭಾರತದ ದೇಶೀಯ ಬಂಡವಾಳಕ್ಕೆ ಪುಷ್ಟಿ ನೀಡಿತೆಂದು ಇತಿಹಾಸಕಾರ ಅಮರ್ ಫಾರೂಕಿ ಪ್ರತಿಪಾದಿಸಿದ್ದಾರೆ.

ಆ ಬಂಡವಾಳ ಹರಿದ ದಿಕ್ಕುಗಳು ಗಮನಾರ್ಹವಾಗಿವೆ. ಮುಂಬಯಿಯ ಮೋತೀಶಾ ಎಂದು ಪ್ರಸಿದ್ಧರಾದ ಶ್ರೇಷ್ಠಿ ಮೋತೀಚಂದ್ ಅಮೀಚಂದ್ ಚೀನಾ ವ್ಯಾಪಾರದಿಂದ ಸಿರಿವಂತರಾದವರು. ಭಾಯಖಳಾದ ಆದೀಶ್ವರ ಜಿನಾಲಯವೂ ಶತ್ರುಂಜಯಗಿರಿಯ ಮೋತೀಶಾ ಟೂಂಕ್ ಎಂಬ ದೇವಾಲಯ ಸಮುಚ್ಚಯವೂ ಅವರ ದಾನದಿಂದ ಎದ್ದವು. 1834ರಲ್ಲಿ ಮುಂಬಯಿಯ ಪಿಂಜರಾಪೋಲ್ ಸ್ಥಾಪನೆಯಾದಾಗ ಅವರೂ ಪಾರ್ಸಿ ವರ್ತಕ ಜಮ್‌ಷೇಟ್‌ಜಿ ಜೀಜೀಭಾಯ್ ಅವರೂ ಮುಂದಾಳುಗಳಾಗಿದ್ದರು. ಅಹಮದಾಬಾದಿನ ಹಠೀಸಿಂಗ್ ಕೇಸರಿಸಿಂಗ್ ಅವರ ವ್ಯಾಪಾರದಲ್ಲಿಯೂ ಅಫೀಮು ಸೇರಿತ್ತು. ಅವರು ಆರಂಭಿಸಿದ ಧರ್ಮನಾಥ ಜಿನಾಲಯವನ್ನು ಅವರ ಮರಣಾನಂತರ ಪತ್ನಿ ಹರಕುಂವರ್ 1848ರಲ್ಲಿ ಪೂರ್ಣಗೊಳಿಸಿದರು. ಮುದಿ ಹಸುವಿಗೂ ಗಾಯಗೊಂಡ ಪಾರಿವಾಳಕ್ಕೂ ಆಶ್ರಯ ನೀಡಿದ ಕರುಣೆಯ ಮೂಲಧನದಲ್ಲಿ ಕ್ಯಾಂಟನ್ನಿನ ವ್ಯಸನಿಗಳ ಹಣವೂ ಬೆರೆತಿತ್ತು. ದಾನಿಗಳ ಶ್ರದ್ಧೆಯನ್ನು ಸಂಶಯಿಸಲು ಕಾರಣವಿಲ್ಲ. ಆದರೆ ಹುಂಡಿ ಮತ್ತು ಸಟ್ಟಾಗಳ ಲೋಕದಲ್ಲಿ ಸರಕು ಕಾಗದದ ಮೇಲಿನ ಅಂಕಿಯಾಗಿಬಿಟ್ಟಾಗ ಅದರ ಪರಿಣಾಮ ಕಣ್ಣಿಗೆ ಬೀಳುವುದಿಲ್ಲ. ಆಶಾಧರರು ಹೇಳಿದ ಅಸಂಖ್ಯತೆಯ ಅರ್ಥ ಇಲ್ಲಿ ತಿಳಿಯುತ್ತದೆ.

ಶಾಸ್ತ್ರದ ನಿಷೇಧಕ್ಕೆ ನಿಲ್ಲದಿದ್ದ ಈ ವ್ಯಾಪಾರ ಒಪ್ಪಂದಗಳ ಒತ್ತಡಕ್ಕೆ ಕೆಲವೇ ವರ್ಷಗಳಲ್ಲಿ ನಿಂತಿತು. 1906ರಲ್ಲಿ ಚೀನಾದ ಚಕ್ರವರ್ತಿಯ ಶಾಸನವು ಹತ್ತು ವರ್ಷಗಳಲ್ಲಿ ಅಫೀಮು ಸೇವನೆಯನ್ನು ನಿರ್ಮೂಲಗೊಳಿಸುವ ಸಂಕಲ್ಪವನ್ನು ಸಾರಿತು. ಚೀನಾಕ್ಕೆ ವರ್ಷಕ್ಕೆ ಸುಮಾರು 51,000 ಪೆಟ್ಟಿಗೆ ಭಾರತದ ಅಫೀಮು ಹೋಗುತ್ತಿದ್ದುದನ್ನು ಆಧಾರವಾಗಿಟ್ಟುಕೊಂಡು, 1908ರಿಂದ ಪ್ರತಿವರ್ಷ 5,100 ಪೆಟ್ಟಿಗೆಗಳಂತೆ ರಫ್ತನ್ನು ತಗ್ಗಿಸಲು ಬ್ರಿಟನ್ ಒಪ್ಪಿತು. 1909ರಲ್ಲಿ ಶಾಂಘಾಯಿಯಲ್ಲಿ ಹದಿಮೂರು ರಾಷ್ಟ್ರಗಳ ಅಫೀಮು ಆಯೋಗ ಸೇರಿತು. 1912ರ ಜನವರಿಯಲ್ಲಿ ಹೇಗ್ ಒಪ್ಪಂದಕ್ಕೆ ಸಹಿ ಬಿದ್ದಿತು. 1913ರಲ್ಲಿ, ಹತ್ತು ವರ್ಷಗಳ ಗಡುವು ಮುಗಿಯುವ ಮೊದಲೇ, ಚೀನಾಕ್ಕಾಗಿ ನಡೆಯುತ್ತಿದ್ದ ಮಾರಾಟ ಕೊನೆಗೊಂಡಿತು. ಶಾಂಘಾಯಿಯಲ್ಲಿ ಉಳಿದಿದ್ದ ದಾಸ್ತಾನನ್ನು ಚೀನಾ ಸರ್ಕಾರ ಕೊಂಡು 1919ರ ಜನವರಿಯಲ್ಲಿ ಪುಡೋಂಗ್‌ನಲ್ಲಿ ಸುಟ್ಟುಹಾಕಿತು.

ಈ ತೀರ್ಮಾನದ ಮೊದಲ ಪೆಟ್ಟು ಬೊಕ್ಕಸಕ್ಕೆ ಬಿದ್ದಿತು. 19ನೆಯ ಶತಮಾನದ ಉತ್ಕರ್ಷದ ದಿನಗಳಲ್ಲಿ ಬ್ರಿಟಿಷ್ ಭಾರತದ ಆದಾಯದ ಸುಮಾರು ಏಳನೆಯ ಒಂದು ಪಾಲು ಅಫೀಮಿನಿಂದಲೇ ಬರುತ್ತಿತ್ತು. ಆ ಮೂಲ ಬತ್ತುವುದೆಂಬ ನಿರೀಕ್ಷೆಯೂ ಒಂದು ಕಾರಣವಾಗಿ, 1910ರ ಆಯವ್ಯಯದಲ್ಲಿ ಹಣಕಾಸು ಸದಸ್ಯ ಫ್ಲೀಟ್‌ವುಡ್ ವಿಲ್ಸನ್ ಮದ್ಯ, ತಂಬಾಕು, ಬೆಳ್ಳಿ ಮತ್ತು ಪೆಟ್ರೋಲಿಯಮ್‌ಗಳ ಮೇಲಿನ ಸುಂಕವನ್ನು ಏರಿಸಿದರು. ಚೀನಾದ ಮನೆಗಳನ್ನು ಉಳಿಸುವ ಪುಣ್ಯಕಾರ್ಯದ ಖರ್ಚಿನಲ್ಲಿ ಒಂದು ಪಾಲನ್ನು ಅಫೀಮಿನ ಲಾಭವನ್ನೇ ಕಾಣದ ಭಾರತದ ಸಾಮಾನ್ಯನು ದೀಪದೆಣ್ಣೆಯ ಬೆಲೆಯಲ್ಲಿ ತೆತ್ತನು.

ಎರಡನೆಯ ಪರಿಣಾಮ ನಗರದ ಮೇಲಾಯಿತು. ರಫ್ತು ಕುಗ್ಗಿದಂತೆ ಉಳಿದ ಪೆಟ್ಟಿಗೆಗಳ ಬೆಲೆ ಗಗನಕ್ಕೇರಿತು. ಸಟ್ಟಾ ಪೇಟೆ ಕೊನೆಯ ಬಾರಿ ಹುಚ್ಚೆದ್ದಿತು. ಅದರಲ್ಲಿ ಅಪಾರ ಲಾಭ ಗಳಿಸಿದವರಲ್ಲಿ ಇಂದೂರಿನ ದಿಗಂಬರ ಜೈನ ಮುಖಂಡ ಸರ್ ಸೇಠ್ ಹುಕುಂಚಂದ್ (1874–1959) ಪ್ರಮುಖರು. ಅಫೀಮಿನ ಬಾಗಿಲು ಮುಚ್ಚಿದ ಮೇಲೆ ಆ ಹಣ ಹತ್ತಿಯ ಗಿರಣಿಗೂ ಸೆಣಬಿನ ಗಿರಣಿಗೂ ಇಂದೂರಿನ ಪ್ರಸಿದ್ಧ ಕಾಂಚ್ ಮಂದಿರದಂಥ ಧರ್ಮಕಾರ್ಯಗಳಿಗೂ ಹರಿಯಿತು. ಹೋಳ್ಕರರ ರಾಜಧಾನಿ ಗಿರಣಿ ಕಾರ್ಮಿಕರ ನಗರವಾಗಿ ಬೆಳೆಯಿತು. ಹೇಗ್‌ನಲ್ಲಿ ಕುಳಿತ ಪ್ರತಿನಿಧಿಗಳ ಮನಸ್ಸಿನಲ್ಲಿ ಇಂದೂರು ಇದ್ದಿರಲಾರದು. ಆದರೂ ಆ ನಗರದ ಕಾರ್ಮಿಕ ಕೇರಿಗಳ ಹುಟ್ಟಿನಲ್ಲಿ ಅವರ ಸಹಿಯ ಪಾತ್ರವಿದೆ. ಸಾಹುಕಾರನಿಗೆ ಬಂಡವಾಳವನ್ನು ಬೇರೆಡೆ ತಿರುಗಿಸುವ ದಾರಿಯಿತ್ತು. ಮುಂಗಡ ಪಡೆದು ಗಸಗಸೆ ಬಿತ್ತುತ್ತಿದ್ದ ರೈತನಿಗೆ ಇದ್ದುದು ಅದೇ ಹೊಲ. ಅವನು ಬೇರೆ ಬೆಳೆಗೆ ಹೊರಳಬೇಕಾಯಿತು.

ಮೂರನೆಯ ಪರಿಣಾಮ ಅರ್ಧ ಶತಮಾನದ ಅನಂತರ ಕಂಡಿತು. ಅದೇ ಅತ್ಯಂತ ದಾರುಣವಾದುದು. 1961ರ ವಿಶ್ವಸಂಸ್ಥೆಯ ಏಕೀಕೃತ ಒಡಂಬಡಿಕೆ ಹಿಂದಿನ ಒಪ್ಪಂದಗಳನ್ನು ಒಂದುಗೂಡಿಸಿತು. ನೋವಿನ ಶಮನಕ್ಕೆ ಮಾದಕ ಔಷಧಗಳು ಅನಿವಾರ್ಯವೆಂದು ಅದರ ಪೀಠಿಕೆಯೇ ಒಪ್ಪಿಕೊಳ್ಳುತ್ತದೆ. ಇಂಥ ಒಡಂಬಡಿಕೆಗಳ ಹೊಣೆಯನ್ನು ನಿರ್ವಹಿಸಲು ಭಾರತವು 1985ರಲ್ಲಿ ತಂದ ಮಾದಕ ದ್ರವ್ಯ ಕಾಯಿದೆಯಲ್ಲಿ ದಂಡನೆಯ ಮುಖ ಪ್ರಬಲವಾಯಿತು. ಮಾರ್ಫಿನ್ ಇರಿಸಿಕೊಳ್ಳಲು ಆಸ್ಪತ್ರೆಗಳು ಹಲವು ಪರವಾನಗಿಗಳನ್ನು ಪಡೆಯಬೇಕಾಯಿತು. ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿದ್ದವು. ಒಂದು ಪರವಾನಗಿ ದೊರೆಯುವಷ್ಟರಲ್ಲಿ ಇನ್ನೊಂದರ ಅವಧಿ ಮುಗಿಯುತ್ತಿತ್ತು. ಕಠಿಣ ಶಿಕ್ಷೆಗೆ ಹೆದರಿ ಔಷಧದಂಗಡಿಗಳು ಅದನ್ನು ಇಡುವುದನ್ನೇ ಬಿಟ್ಟವು. 1985ರಿಂದ 1997ರ ಒಳಗೆ ದೇಶದಲ್ಲಿ ಮಾರ್ಫಿನ್‌ನ ವೈದ್ಯಕೀಯ ಬಳಕೆ ಶೇಕಡ 97ರಷ್ಟು ಕುಸಿಯಿತು. ಅದನ್ನು ಬಳಸುವ ವಿಧಾನವನ್ನೇ ಅರಿಯದ ವೈದ್ಯರ ತಲೆಮಾರೊಂದು ರೂಪುಗೊಂಡಿತು. ಅದೇ ಕಾಲದಲ್ಲಿ ಮಂದಸೌರ್, ನೀಮಚ್‌ಗಳ ರೈತರು ಸರ್ಕಾರದ ಪರವಾನಗಿಯಿಂದ ಗಸಗಸೆ ಬೆಳೆಯುತ್ತಿದ್ದರು. ನೀಮಚ್‌ನ ಸರ್ಕಾರಿ ಕಾರ್ಖಾನೆಯಲ್ಲಿ ಅಫೀಮು ಸಂಸ್ಕರಣೆಗೊಳ್ಳುತ್ತಿತ್ತು. ಭಾರತದ ಅಫೀಮು ಔಷಧ ತಯಾರಿಕೆಗಾಗಿ ಹೊರದೇಶಗಳಿಗೆ ಹೋಗುತ್ತಿತ್ತು. ಬೆಳೆಯುವ ನಾಡಿನಲ್ಲಿಯೇ ಅರ್ಬುದ ರೋಗಿಗಳು ನೋವಿನಿಂದ ಚೀರುತ್ತ ಸತ್ತರು. ಕೇರಳದ ಉಪಶಮನ ಚಿಕಿತ್ಸಕರು ಆರಂಭಿಸಿದ ದೀರ್ಘ ಹೋರಾಟದ ಫಲವಾಗಿ 2014ರಲ್ಲಿ ಕಾಯಿದೆ ತಿದ್ದುಪಡಿಯಾಗಿ ‘ಅತ್ಯಾವಶ್ಯಕ ಮಾದಕ ಔಷಧ’ಗಳಿಗೆ ದೇಶಕ್ಕೆಲ್ಲ ಏಕರೂಪದ ಸರಳ ವ್ಯವಸ್ಥೆ ರೂಪುಗೊಂಡಿತು.

ಕನ್ನಡದ ಜೈನ ಸಾಹಿತ್ಯಕ್ಕೆ ಈ ದ್ವಂದ್ವದ ಅರಿವು ಹೊಸದಲ್ಲ. 14ನೆಯ ಶತಮಾನದ ಜೈನ ಕವಿ ಮಂಗರಾಜನು ವಿಷಚಿಕಿತ್ಸೆಯನ್ನೇ ವಸ್ತುವಾಗಿಸಿ ‘ಖಗೇಂದ್ರಮಣಿದರ್ಪಣ’ವನ್ನು ರಚಿಸಿದನು. ವಿಷದ ವ್ಯಾಪಾರವನ್ನು ನಿಷೇಧಿಸಿದ ಪರಂಪರೆಯೇ ವಿಷದ ಅಧ್ಯಯನವನ್ನು ಲೋಕಹಿತದ ಕಾರ್ಯವಾಗಿ ಗೌರವಿಸಿತು. ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧವನ್ನೂ ದಾನಗಳಲ್ಲಿ ಎಣಿಸಿತು. ಸಾಹುಕಾರರು ಮೊದಲನೆಯ ವಿಧಿಯನ್ನು ಮರೆತರು, ವಿಷವಾಣಿಜ್ಯ ಬೆಳೆಯಿತು. 1985ರ ಕಾನೂನು ಎರಡನೆಯದನ್ನು ಮರೆಯಿತು, ಔಷಧದಾನ ನಿಂತಿತು. ಮೊದಲ ಮರೆವಿನ ಬೆಲೆಯನ್ನು ತೆತ್ತವರು ಚೀನಾದ ವ್ಯಸನಿಗಳು. ಎರಡನೆಯದರ ಬೆಲೆಯನ್ನು ತೆತ್ತವರು ಭಾರತದ ರೋಗಿಗಳು. ಮಾಳವದ ಹೊಲದಲ್ಲಿ ಇಂದಿಗೂ ಪ್ರತಿ ಚಳಿಗಾಲ ಗಸಗಸೆ ಹೂ ಬಿಡುತ್ತದೆ. ಅದರ ಹಾಲು ವಿಷವಾಗುವುದೋ ಔಷಧವಾಗುವುದೋ ಎಂಬುದನ್ನು ಮನುಷ್ಯನ ಸಂಯಮವೂ ಅವನು ರಚಿಸುವ ಕಾನೂನಿನ ಕರುಣೆಯೂ ಒಟ್ಟಾಗಿ ನಿರ್ಧರಿಸುತ್ತವೆ.